ಕಣಕಾಲಿನ ನೋವು ಮುಚ್ಚಿಡಬೇಡ, ಮಗಳೇ

ಮಗಳೇ,

ಫೋನ್ ಎತ್ತುತ್ತಿಲ್ಲ ನೀನು. ಕಾಗದವನ್ನಾದರೂ ಓದುತ್ತೀಯ ಅಂತ ಬರೆಯುತ್ತಿದ್ದೇನೆ. ಎಸ್‌ಎಸ್‌ಬಿ, ಅಂದರೆ ಸೇನಾಧಿಕಾರಿಗಳ ಆಯ್ಕೆಯ ಸಂದರ್ಶನ, ಮುಗಿಸಿ ಆಯ್ಕೆಯಾಗದೆ ಬೆಂಗಳೂರಿನಿಂದ ಬಂದ ರಾತ್ರಿ ನಮ್ಮಿಬ್ಬರ ನಡುವೆ ಆದ ಮಾತು ಈಗ ಬೇಡ. ‘ಇಷ್ಟೇನಾ’ ಅಂದದ್ದು ಚುಚ್ಚಿರಬೇಕು. ಹಾಗನ್ನಬಾರದಿತ್ತು.

ನಿನ್ನ ರೂಮಿನ ಹುಡುಗಿ ಅಮ್ಮನ ಹತ್ತಿರ ಬಾಯಿಬಿಟ್ಟಿದ್ದಾಳೆ. ಬೆಳಕು ಹರಿಯುವ ಮೊದಲೇ ಎದ್ದು ಟಾರ್ ರಸ್ತೆಯಲ್ಲಿ ಎಂಟು ಕಿಲೋಮೀಟರ್ ಓಡುತ್ತೀಯಂತೆ, ಮೆಟ್ಟಿಲು ಇಳಿಯುವಾಗ ಎಡಗಾಲು ಕುಂಟುತ್ತೀಯಂತೆ. ಅವಳನ್ನು ಬೈಯಬೇಡ.

ನೋವು ಎಲ್ಲಿದೆ ಅಂತ ನೋಡಿಕೋ. ಕಣಕಾಲಿನ ಒಳಬದಿಯ ಮೂಳೆಗುಂಟ ಗೇಣುದ್ದ ಹರಡಿದ್ದು, ಓಟದ ಶುರುವಿನಲ್ಲಿ ಕಾಡಿ, ಮೈ ಬಿಸಿಯಾದ ಮೇಲೆ ತಗ್ಗಿದರೆ ಅದು ಶಿನ್ ಸ್ಪ್ಲಿಂಟ್. ಓಟ ನಿಲ್ಲಿಸಿದರೆ ಕೆಲವು ವಾರಗಳಲ್ಲಿ ಮಾಯುತ್ತದೆ. ಒಂದೇ ಬೆರಳಿನಲ್ಲಿ ತೋರಿಸುವಂಥ ಜಾಗವಿದ್ದು, ಒತ್ತಿದರೆ ಜೀವ ಹೋದಂತಾಗಿ, ಓಡಿದಷ್ಟೂ ಹೆಚ್ಚಾಗಿ, ಮಲಗಿದಾಗಲೂ ಬಿಡದಿದ್ದರೆ ಸ್ಟ್ರೆಸ್ ಫ್ರ್ಯಾಕ್ಚರ್ ಇರಬಹುದು. ಮೂಳೆಯಲ್ಲಿ ಕೂದಲೆಳೆಯ ಬಿರುಕು. ಉಸಿರು, ಸ್ನಾಯು ಕೆಲವೇ ವಾರಗಳಲ್ಲಿ ಪಳಗುತ್ತವೆ. ಮೂಳೆ ಗಟ್ಟಿಯಾಗಲು ತಿಂಗಳುಗಳು ಬೇಕು. ಉಸಿರು ಸಾಕಾಗುತ್ತದೆ ಅಂತ ದೂರ ಹೆಚ್ಚಿಸಿದವರಿಗೆ ಕಾಲೇ ಕೈಕೊಡುವುದು. ಸೇನೆಗೆ ಹೊಸದಾಗಿ ಸೇರಿದ ರಂಗರೂಟರು ತರಬೇತಿಯಲ್ಲಿ ಹಿಂದೆ ಬೀಳುವುದಕ್ಕೂ ಎಷ್ಟೋ ಸಲ ಇದೇ ಕಾರಣ. ಅವರೂ ಹೀಗೆಯೇ ಮುಚ್ಚಿಟ್ಟುಕೊಂಡು ಓಡಿರುತ್ತಾರೆ.

ಎಕ್ಸ್‌ರೇಯಲ್ಲಿ ಏನೂ ಇಲ್ಲ ಅಂದರೆ ಮರುದಿನವೇ ಶೂ ಕಟ್ಟಬೇಡ. ಮೊದಲ ಎರಡು ಮೂರು ವಾರ ಬಿರುಕು ಅದರಲ್ಲಿ ಕಾಣದೆ ಇರುವುದುಂಟು. ನೋವು ಹೋಗದಿದ್ದರೆ ಎಂಆರ್‌ಐ ಬೇಕೇ ಅಂತ ಡಾಕ್ಟರನ್ನು ಕೇಳು. ದುಡ್ಡಿನ ಚಿಂತೆ ನಿನಗೆ ಬೇಡ. ಬಿರುಕೇ ಇದ್ದರೆ ಆರರಿಂದ ಎಂಟು ವಾರ ಓಟ ಬಂದ್. ನೋವಿನ ಮಾತ್ರೆ ನುಂಗಿ ಓಡುವುದಂತೂ ಎಲ್ಲಕ್ಕಿಂತ ಕೆಟ್ಟದ್ದು.

ಇನ್ನೊಂದು ಮಾತು ಅಮ್ಮ ಕೇಳುತ್ತಾಳೆ, ನನಗೆ ಬಾಯಿ ಬರುತ್ತಿಲ್ಲ. ಊಟ ಇಳಿಸಿ ಓಟ ಏರಿಸಿದ ಹುಡುಗಿಯರಲ್ಲಿ ಮುಟ್ಟು ಏರುಪೇರಾಗುವುದೂ ಮೂಳೆ ಸೊರಗುವುದೂ ಜೊತೆಜೊತೆಗೇ ನಡೆಯುತ್ತವೆ. ಡಾಕ್ಟರಿಗೆ ಹೇಳಲೇಬೇಕು.

ಇಷ್ಟಕ್ಕೂ ಎಸ್‌ಎಸ್‌ಬಿಯಲ್ಲಿ ಓಟದ ಪರೀಕ್ಷೆಯೇ ಇಲ್ಲವಲ್ಲ! ಅಲ್ಲಿರುವುದು 3 ನಿಮಿಷದಲ್ಲಿ 10 ಅಡೆತಡೆ, ಒಂದೊಂದಕ್ಕೆ 1ರಿಂದ 10ರವರೆಗೆ ಅಂಕ. ಬೇಕಾದದ್ದು ಕೈಹಿಡಿತ, ಭುಜದ ಬಲ, ಎತ್ತರದಿಂದ ಜಿಗಿಯುವ ಧೈರ್ಯ. ಕಾಲು ವಾಸಿಯಾಗುವವರೆಗೆ ಕಂಬಿಗೆ ಜೋತುಬೀಳು, ದಂಡ ಹೊಡಿ, ಕೆಳಗಿಳಿಯುವಾಗ ಧುಮುಕಬೇಡ.

ನೀನು ಹೊರಬಿದ್ದದ್ದು ಕಾಲಿನಿಂದಲೂ ಅಲ್ಲ ಅನಿಸುತ್ತದೆ. ಚಿತ್ರ ನೋಡಿ ಕಥೆ ಬರೆಯುವ ಪರೀಕ್ಷೆಗೆ ನೀನು ಅಭ್ಯಾಸ ಮಾಡಿದ ಟ್ಯಾಟ್ ನೋಟ್‌ಬುಕ್ ನೋಡಿದೆ. ಪ್ರತಿ ಕಥೆಯಲ್ಲೂ ಪ್ರವಾಹ, ಪ್ರತಿ ಕಥೆಯಲ್ಲೂ ಯುವಕರನ್ನು ಒಟ್ಟುಗೂಡಿಸಿ ಊರನ್ನೇ ಉಳಿಸುವ ನಾಯಕ. ಕೋಚಿಂಗಿನವರ ಅಚ್ಚು ಅದು. ಚಿತ್ರ ನೋಡಲು 30 ಸೆಕೆಂಡ್, ಬರೆಯಲು 4 ನಿಮಿಷ, 12ನೆಯ ಚಿತ್ರ ಬರೀ ಖಾಲಿ. ಆಮೇಲೆ 15 ಸೆಕೆಂಡಿಗೊಂದರಂತೆ 60 ಪದ ತೋರಿಸುತ್ತಾರೆ, ಒಂದೊಂದಕ್ಕೂ ತೋಚಿದ ವಾಕ್ಯ ಬರೆಯಬೇಕು. ಬಾಯಿಪಾಠ ಅಲ್ಲಿ ಹತ್ತಿಪ್ಪತ್ತು ಪದಕ್ಕೇ ಮುಗಿದುಹೋಗುತ್ತದೆ. ಮನಶ್ಶಾಸ್ತ್ರಜ್ಞ, ಗುಂಪಿನ ಪರೀಕ್ಷೆ ನಡೆಸುವ ಜಿಟಿಒ, ಸಂದರ್ಶನದ ಅಧಿಕಾರಿ, ಮೂವರಿಗೂ ಒಬ್ಬಳೇ ಹುಡುಗಿ ಕಾಣಬೇಕು. ಹಾಸ್ಟೆಲಿನಲ್ಲಿ ನೀರಿನ ಜಗಳ ನೀನೇ ಬಗೆಹರಿಸಿದೆಯಲ್ಲ, ಅದನ್ನು ಬರೆಯಬೇಕಿತ್ತು.

ಭಾಷಣ ಶುರುವಾಯಿತು ಅಂತೀಯ. ಆಗಲಿ. ಎನ್‌ಡಿಎ, ಅಂದರೆ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯ, ಲಿಖಿತ ಪರೀಕ್ಷೆಯ ಗಣಿತವನ್ನೂ ಬಿಡಬೇಡ: 150 ನಿಮಿಷಕ್ಕೆ 120 ಪ್ರಶ್ನೆ, ತಲಾ 2.5 ಅಂಕ, ತಪ್ಪಿದರೆ ಅದರ ಮೂರನೇ ಒಂದು ಭಾಗ ಕಡಿತ. ಒಂದು ಪ್ರಶ್ನೆಗೆ ಒಂದೂಕಾಲು ನಿಮಿಷ. ದಿನಾ ಗಡಿಯಾರ ಇಟ್ಟುಕೊಂಡು 40 ಪ್ರಶ್ನೆ ಮಾಡು; ತಪ್ಪಿದ್ದನ್ನು ಅಂದೇ ಮತ್ತೆ ಮಾಡು, ಉತ್ತರ ನೋಡಿ ತಲೆಯಾಡಿಸಿ ಮುಂದೆ ಹೋಗಬೇಡ.

2021ರಲ್ಲಿ ಸುಪ್ರೀಂ ಕೋರ್ಟ್ ಹೇಳುವವರೆಗೆ ಹುಡುಗಿಯರಿಗೆ ಎನ್‌ಡಿಎ ಪರೀಕ್ಷೆಯೇ ಇರಲಿಲ್ಲ. 2025ರ ಮೇನಲ್ಲಿ ಖಡಕವಾಸ್ಲಾದ ಆ ಅಕಾಡೆಮಿಯಿಂದ ಹೊರಬಂದ ಮೊದಲ ತಂಡದಲ್ಲಿ 17 ಹುಡುಗಿಯರಿದ್ದರು. ಎಸ್‌ಎಸ್‌ಬಿಯ ಮೊದಲ ಜರಡಿ, ಸ್ಕ್ರೀನಿಂಗ್ ದಿನವೇ ಎಷ್ಟೋ ಜನ ಬ್ಯಾಗು ಹೊತ್ತು ವಾಪಸಾಗುವ ಕಡೆ ನೀನು ಐದನೆಯ ದಿನದ ಕೊನೆಯ ಹಂತ ಕಾನ್ಫರೆನ್ಸ್‌ವರೆಗೆ ಕೂತು ಬಂದೆ. ಊರಲ್ಲಿ ಎಲ್ಲರಿಗೂ ಹೇಳಿಕೊಂಡು ತಿರುಗಿದ್ದೇನೆ, ನಿನಗೆ ಮಾತ್ರ ಹೇಳಿರಲಿಲ್ಲ.

ಮತ್ತೆ ಕಾಲಿನ ವಿಷಯ. ಡಾಕ್ಟರು ಓಡಬಹುದು ಅಂದಮೇಲೂ ಮಣ್ಣಿನ ಮೈದಾನದಲ್ಲೇ ಓಡು. ಎರಡು ನಿಮಿಷ ನಡಿಗೆ, ಒಂದು ನಿಮಿಷ ಓಟದಿಂದ ಶುರುಮಾಡು. ವಾರಕ್ಕೆ ಹತ್ತರಲ್ಲೊಂದು ಪಾಲಿಗಿಂತ ಹೆಚ್ಚು ಏರಿಸಬೇಡ. ನೋವು ಬಂತೋ, ಅಲ್ಲೇ ನಿಲ್ಲಿಸು.

ಭಾನುವಾರ ಅಮ್ಮ ಬರುತ್ತಾಳೆ. ಏನೂ ಆಗಿಲ್ಲ ಅಂತ ಒಂಟಿಕಾಲಲ್ಲಿ ಕುಪ್ಪಳಿಸಿ ತೋರಿಸಲು ಹೋಗಬೇಡ. ಸೋಮವಾರ ಇಬ್ಬರೂ ಮೂಳೆ ಡಾಕ್ಟರ ಹತ್ತಿರ ಹೋಗಿ, ಚೀಟಿಯ ಫೋಟೊ ನನಗೆ ಕಳಿಸಿ. ಶೂ ಅಮ್ಮನ ಕೈಗೆ ಕೊಟ್ಟುಬಿಡು, ನಾನು ಹೇಳುವವರೆಗೆ ಅವು ಮನೆಯಲ್ಲೇ ಇರಲಿ.

ಅಪ್ಪ