ರಿಲೇ ಸೇವೆಗೆ ಅಕ್ಟೋಬರ್ 1ರಿಂದ ವಾರ್ಷಿಕ ಶುಲ್ಕ: ಗ್ರಾಹಕರಿಗೆ ಪತ್ರ

ಶಿವಮೊಗ್ಗ

ಆತ್ಮೀಯ ಗ್ರಾಹಕರಲ್ಲಿ ಮತ್ತು ಸದಸ್ಯರಲ್ಲಿ ವಂದನೆಗಳು.

ತಮ್ಮ ಮನೆಯ ಪೆಟ್ಟಿಗೆಯಲ್ಲಿರುವ (ಅಂದರೆ ಮನೆಯಲ್ಲೇ ಇಟ್ಟ ಕಂಪ್ಯೂಟರಿನಲ್ಲಿರುವ) ವಿಕಿಯನ್ನು, ಎಂದರೆ ಹಲವರು ಸೇರಿ ಬರೆದು ತಿದ್ದುವ ಪುಟಗಳ ಸಂಗ್ರಹವನ್ನು, ಊರಾಚೆಯಿಂದ ತೆರೆಯಲು ನೆರವಾಗುವ ನಮ್ಮ ರಿಲೇ ಸರ್ವರಿಗೆ (ನಡುವೆ ನಿಂತು ಸಂಪರ್ಕ ದಾಟಿಸುವ ಕಂಪ್ಯೂಟರಿಗೆ) ಬರುವ ಅಕ್ಟೋಬರ್ 1ರಿಂದ ವರ್ಷಕ್ಕೆ 900 ರೂಪಾಯಿ ಶುಲ್ಕ ಪಡೆಯಲು ತೀರ್ಮಾನಿಸಿದ್ದೇವೆ. ಕೊಯ್ಲಿಗೆ ಇನ್ನೂ ಸಮಯವಿದ್ದು ಯಾರ ಕೈಯಲ್ಲೂ ಹಣ ಓಡಾಡದ ಈ ಹೊತ್ತಿನಲ್ಲಿ ಇಂಥ ಮಾತು ಎತ್ತಬೇಕಾಗಿ ಬಂದುದಕ್ಕೆ ನಮಗೆ ನಿಜವಾಗಿ ಸಂಕೋಚವಿದೆ, ಕ್ಷಮೆ ಇರಲಿ. ಆದರೆ ಸುದ್ದಿ ಬಾಯಿಂದ ಬಾಯಿಗೆ ಹೋಗುವಾಗ "ವಿಕಿಗೇ ದುಡ್ಡು ಕೇಳುತ್ತಿದ್ದಾರೆ" ಎಂದಾಗಿರುವುದು ಸರಿಯಲ್ಲ. ತಂತ್ರಾಂಶಕ್ಕೆ ಬಿಡಿಗಾಸೂ ಇಲ್ಲ, ಮುಂದೆಯೂ ಇರುವುದಿಲ್ಲ. ಮನೆಯ ವೈಫೈ ವ್ಯಾಪ್ತಿಯಲ್ಲಿ ವಿಕಿ ಬಳಸುವವರು ಏನನ್ನೂ ಕೊಡಬೇಕಾಗಿಲ್ಲ.

ರಿಲೇ ಬೇಕಾಗಿರುವುದು ನಮ್ಮ ಹಟದಿಂದಲ್ಲ. ಇಂಟರ್ನೆಟ್ಟಿಗೆ ಸೇರಿದ ಯಂತ್ರಗಳಿಗೆ ವಿಳಾಸ ಕೊಡುವ ಹಳೆಯ ಐಪಿವಿ4 ಪದ್ಧತಿಯಲ್ಲಿ ಇರುವುದೇ ಸುಮಾರು 429 ಕೋಟಿ ವಿಳಾಸಗಳು, ಅವುಗಳ ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲೇ ಹಂಚಿ ಮುಗಿಯಿತು. ಹೀಗಾಗಿ ಇಂಟರ್ನೆಟ್ ಕೊಡುವ ಕಂಪನಿಗಳು ಅನೇಕ ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸುತ್ತವೆ. ಇಡೀ ವಠಾರಕ್ಕೆ ಬೀದಿಯ ಕಡೆ ಒಂದೇ ಮನೆ ನಂಬರು ಇದ್ದಂತೆ ಇದು: ಒಳಗಿನವರು ಹೊರಗೆ ಹೋಗಬಹುದು, ಹೊರಗಿನಿಂದ ಬಂದವರಿಗೆ ಯಾವ ಬಾಗಿಲು ತಟ್ಟಬೇಕೆಂದು ತಿಳಿಯುವುದಿಲ್ಲ. ಮನೆಯ ರೂಟರಿನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ದ್ವಾರ) ತೆರೆದರೂ ಪ್ರಯೋಜನವಿಲ್ಲದಿರುವುದು ಇದರಿಂದಲೇ. ಹೇರಳ ವಿಳಾಸಗಳಿರುವ ಹೊಸ ಪದ್ಧತಿ ಐಪಿವಿ6 ಇದೆಯಲ್ಲ ಎನ್ನುವವರ ಮಾತು ನಿಜ, ಆದರೆ ಅದು ನೋಡುವವರ ಕಡೆಯೂ ಇರಬೇಕು. ತೀರ್ಥಹಳ್ಳಿಯ ಮನೆಯ ವಿಕಿಯನ್ನು ಬೆಂಗಳೂರಿನ ಕಚೇರಿಯಲ್ಲಿ ಕುಳಿತ ಮಗಳು ತೆರೆಯಬೇಕಾದರೆ ಎರಡೂ ತುದಿಯಲ್ಲಿ ಅದೃಷ್ಟ ಕೂಡಿಬರಬೇಕು. ಆದ್ದರಿಂದ ತಮ್ಮ ಪೆಟ್ಟಿಗೆಯು ಸಾರ್ವಜನಿಕ ವಿಳಾಸವುಳ್ಳ ನಮ್ಮ ಸರ್ವರಿನೊಡನೆ ವೈರ್‌ಗಾರ್ಡ್ ಸುರಂಗವೊಂದನ್ನು (ಆ ಹೆಸರಿನ ತಂತ್ರಾಂಶದ ಖಾಸಗಿ ಸಂಪರ್ಕವನ್ನು) ಸದಾ ತೆರೆದಿಟ್ಟುಕೊಂಡಿರುತ್ತದೆ. ಅದರೊಳಗೆ ಸಾಗುವ ಪುಟಗಳಿಗೆ ಬೇರೆಯದೇ ಗೂಢಲಿಪಿಯಿದ್ದು (ಎಚ್‌ಟಿಟಿಪಿಎಸ್), ಅದರ ಕೀಲಿ ತಮ್ಮ ಪೆಟ್ಟಿಗೆಯಲ್ಲೇ ಇರುವುದರಿಂದ ರಿಲೇ ದಾಟಿಹೋಗುವ ಬರಹವನ್ನು ನಾವು ಓದಲಾರೆವು.

ಈ ಸರ್ವರಿಗೆ ಬಾಡಿಗೆಯಿದೆ, ಅದರ ಐಪಿ ವಿಳಾಸಕ್ಕೆ ಬೇರೆ ಬಾಡಿಗೆಯಿದೆ, ದಾಟಿಹೋಗುವ ಮಾಹಿತಿಯ ಪ್ರಮಾಣಕ್ಕೂ ಲೆಕ್ಕವಿದೆ. ಮೊದಲೆರಡನ್ನು ಹೇಗೋ ತೂಗಿಸಿಕೊಂಡು ಬಂದಿದ್ದೆವು, ಕೈಮೀರಿದ್ದು ಮೂರನೆಯದು. "ನಿಮ್ಮ ಸರ್ವರ್ ನಿಧಾನ, ಸರಿಯಾಗಿ ನೋಡಿಕೊಳ್ಳುತ್ತಿಲ್ಲ" ಎಂಬ ದೂರನ್ನು ಕೇಳಿ ಕೇಳಿ ನೊಂದಿದ್ದೇವೆ, ಹಾಗಾಗಿ ಈ ಸಂಗತಿಯನ್ನು ತುಸು ಬಿಡಿಸಿ ಹೇಳಬೇಕಾಗಿದೆ. ಹೊಸನಗರದ ಕಡೆಯ ಗ್ರಾಹಕರೊಬ್ಬರ ಒಪ್ಪಿಗೆ ಪಡೆದು ಅವರ ಪೆಟ್ಟಿಗೆಯ ದಾಖಲೆ ತೆರೆದು ನೋಡಿದೆವು. ಅವರ ಅಮ್ಮ ಬರೆದಿಟ್ಟ ಒಂದೆಲಗದ ತಂಬುಳಿಯ ಪುಟವನ್ನು ಮನೆಯವರು ಆಗಾಗ ತಿದ್ದಿದ್ದಾರೆ. ವಿಕಿಯ ಗುಣವೇ ಹಳೆಯ ಪ್ರತಿಯೊಂದು ಆವೃತ್ತಿಯನ್ನೂ ಉಳಿಸಿ, ಯಾವುದನ್ನು ಯಾವುದರೊಡನೆ ಬೇಕಾದರೂ ಹೋಲಿಸಿ ತೋರಿಸುವುದು, ಪ್ರತಿ ಹೋಲಿಕೆಗೂ ಒಂದು ಕೊಂಡಿ. ಎಐ ಕಂಪನಿಗಳಿಗೆ ತಾವಾಗಿಯೇ ಪುಟ ತೆರೆದು ಪಠ್ಯ ಸಂಗ್ರಹಿಸುವ ತಂತ್ರಾಂಶಗಳಾದ ಬಾಟ್‌ಗಳು ಆ ಕೊಂಡಿಗಳನ್ನೆಲ್ಲ ಹಗಲೂ ರಾತ್ರಿ ತೆರೆಯುತ್ತಿದ್ದವು. ಮನೆಯವರು ಒಮ್ಮೆ ಓದುವ ಪುಟಕ್ಕೆ ಸಾಲುಸಾಲಾಗಿ ಬಾಟ್‌ಗಳ ಕೋರಿಕೆ! ವಿಕಿಪೀಡಿಯ ನಡೆಸುವ ವಿಕಿಮೀಡಿಯ ಫೌಂಡೇಶನ್ನೇ 2025ರ ಏಪ್ರಿಲ್‌ನಲ್ಲಿ, ತನಗೆ ಅತಿ ದುಬಾರಿಯಾಗುವ ದಟ್ಟಣೆಯಲ್ಲಿ ಶೇ. 65ರಷ್ಟು ಬಾಟ್‌ಗಳಿಂದ ಬರುತ್ತಿದೆ ಎಂದು ಪ್ರಕಟಿಸಿತು. ಅಷ್ಟು ದೊಡ್ಡ ಸಂಸ್ಥೆ ಏದುಸಿರು ಬಿಡುವಾಗ ನಮ್ಮ ರಿಲೇ ಮೊದಲಿನಂತೆ ಓಡಬೇಕೆಂದರೆ ಖರ್ಚು ಹೆಚ್ಚಾಗದೆ ವಿಧಿಯಿಲ್ಲ. ಹಳೆಯ ಆವೃತ್ತಿಗಳನ್ನು ಲಾಗಿನ್ ಆದವರಿಗೆ ಮಾತ್ರ ತೋರಿಸುವ ಬದಲಾವಣೆಯನ್ನು ತಂತ್ರಾಂಶದ ಹೊಸ ಬಿಡುಗಡೆಯಲ್ಲಿ ಸೇರಿಸಿದ್ದೇವೆ. ತಾವು ಅಪ್‌ಡೇಟ್ ಮಾಡಿಕೊಂಡರೆ ವ್ಯತ್ಯಾಸ ಗೊತ್ತಾಗುತ್ತದೆ.

ಇನ್ನು ಪದೇ ಪದೇ ಕೇಳಿಬರುವ ಮಾತು: "ಓಪನ್ ಸೋರ್ಸ್ ಎಂದ ಮೇಲೆ ಎಲ್ಲ ಪುಕ್ಕಟೆ ಅಲ್ಲವೇ?" ಫೋನಿನಲ್ಲಿ ಕೇಳಿದ್ದೇವೆ, ಗಾಂಧಿ ಬಜಾರಿನಲ್ಲಿ ಎದುರಾದವರಿಂದ ಕೇಳಿದ್ದೇವೆ, ಪ್ರೀತಿಯಿಂದ ಊಟಕ್ಕೆ ಕರೆದವರ ಮನೆಯಲ್ಲೂ ಕೇಳಿದ್ದೇವೆ. ನಮ್ಮ ಪ್ಯಾಕೇಜಿನ ತಳದಲ್ಲಿರುವುದು 2004ರಿಂದ ಬೆಳೆದುಬಂದ ಡೋಕುವಿಕಿ ಎಂಬ ಮುಕ್ತ (ಓಪನ್ ಸೋರ್ಸ್) ವಿಕಿ ತಂತ್ರಾಂಶ. ಅದರ ಜಿಪಿಎಲ್ ಪರವಾನಗಿಯು ತಂತ್ರಾಂಶವನ್ನು ಬಳಸುವ, ಬಿಚ್ಚಿ ನೋಡುವ, ತಿದ್ದುವ, ಹಂಚುವ ಹಕ್ಕನ್ನು ಪ್ರತಿಯೊಬ್ಬರಿಗೂ ಕೊಡುತ್ತದೆ, ದುಡಿಮೆಗೆ ಹಣ ಪಡೆಯಬಾರದೆಂದು ಎಲ್ಲಿಯೂ ಹೇಳುವುದಿಲ್ಲ. ನಾವಾದರೋ ಆ ದುಡಿಮೆಗೂ ಕೇಳುತ್ತಿಲ್ಲ, ಬಾಡಿಗೆಯನ್ನಷ್ಟೇ ಹಂಚಿಕೊಳ್ಳಲು ಕೇಳುತ್ತಿದ್ದೇವೆ.

ದುಡಿಮೆ ಎಂಥದು ಎಂಬುದಕ್ಕೆ ಒಂದು ಉದಾಹರಣೆ ಸಾಕು. ಸಾಗರದ ಬಳಿಯ ಬೆಳೆಗಾರರೊಬ್ಬರು ತಮ್ಮ ತೋಟದ ವಿಕಿಯಲ್ಲಿ "ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಸಿಂಪಡಣೆ" ಎಂಬ ಪುಟ ಮಾಡಹೊರಟರೆ ಅದು ಉಳಿಯುತ್ತಲೇ ಇರಲಿಲ್ಲ. ಡೋಕುವಿಕಿಯ ಮೂಲ ಹೊಂದಿಕೆಯಲ್ಲಿ ಪುಟದ ಹೆಸರೇ ಕಡತದ ಹೆಸರಾಗುತ್ತದೆ, ಕನ್ನಡದ ಒಂದೊಂದು ಸಂಕೇತವೂ ಅಲ್ಲಿ ಒಂಬತ್ತು ಇಂಗ್ಲಿಷ್ ಚಿಹ್ನೆಗಳಾಗಿ ಬದಲಾಗುತ್ತದೆ. ಸ್ವರಚಿಹ್ನೆ, ಸೊನ್ನೆ, ಹಲಂತದ ಗುರುತುಗಳನ್ನೂ ಬಿಡಿಬಿಡಿಯಾಗಿ ಎಣಿಸಿದರೆ ಆ ಶೀರ್ಷಿಕೆಯಲ್ಲಿ 29 ಸಂಕೇತಗಳು, ಅಂದರೆ 261 ಚಿಹ್ನೆಗಳು. ಪೆಟ್ಟಿಗೆಯನ್ನು ನಡೆಸುವ ಲಿನಕ್ಸಿನಲ್ಲಿ ಕಡತದ ಹೆಸರಿಗೆ ಇರುವ ಮಿತಿಯೋ 255 ಬೈಟ್, ಒಂದು ಇಂಗ್ಲಿಷ್ ಚಿಹ್ನೆಗೆ ಒಂದು ಬೈಟ್. ಇಂಗ್ಲಿಷಿನಲ್ಲಿ ಬರೆಯುವವರಿಗೆ ಈ ತೊಡಕು ಕಣ್ಣಿಗೇ ಬೀಳುವುದಿಲ್ಲ. ನಾವು ಹೆಸರುಗಳನ್ನು ನೇರವಾಗಿ, ಕನ್ನಡದ ಒಂದು ಸಂಕೇತಕ್ಕೆ ಮೂರೇ ಬೈಟ್ ಹಿಡಿಯುವ ಯುಟಿಎಫ್-8ರಲ್ಲಿ ಉಳಿಸುವಂತೆ ಹೊಂದಿಸಿ ಕೊಟ್ಟೆವು, ಈಗ ಅದೇ ಶೀರ್ಷಿಕೆ ನೂರು ಬೈಟಿನೊಳಗೆ ಮುಗಿಯುತ್ತದೆ. ಇಂಥ ಹೊಂದಿಕೆಗಳನ್ನೆಲ್ಲ ಒಳಗಿಟ್ಟು, ಮೂರೇ ಪ್ರಶ್ನೆಗೆ ಉತ್ತರಿಸಿದರೆ ವಿಕಿ ಎದ್ದು ನಿಲ್ಲುವಂತೆ ಮಾಡಿದ್ದೇವೆ. ಟರ್ಮಿನಲ್ ಎಂದರೇನೆಂದು ತಿಳಿಯದವರೂ ಅದನ್ನು ತಾವೇ ಹಾಕಿಕೊಂಡಿದ್ದಾರೆ. ಈ ಕೆಲಸದ ಬಗ್ಗೆ ನಮಗೆ ಹೆಮ್ಮೆಯಿದೆ. ಅದು ಪುಕ್ಕಟೆಯಾಗಿ ಸಿಗುತ್ತಿರುವುದು ಅದಕ್ಕೆ ಬೆಲೆಯಿಲ್ಲದ್ದರಿಂದಲ್ಲ.

ಶುಲ್ಕ ಕಟ್ಟದಿದ್ದರೆ ಬರೆದದ್ದೆಲ್ಲ ಹೋಗುತ್ತದೆಯೇ ಎಂದು ಹಿರಿಯರೊಬ್ಬರು ಆತಂಕದಿಂದ ಕೇಳಿದರು. ಖಂಡಿತ ಇಲ್ಲ. ಡೋಕುವಿಕಿಗೆ ಡೇಟಾಬೇಸ್ ಬೇಡ, ಪ್ರತಿಯೊಂದು ಪುಟವೂ ತಮ್ಮ ಪೆಟ್ಟಿಗೆಯಲ್ಲಿ ಸಾದಾ ಪಠ್ಯ ಕಡತವಾಗಿಯೇ ಇದೆ. ಪೆನ್‌ಡ್ರೈವಿಗೆ ನಕಲು ಮಾಡಿಕೊಂಡು ಯಾವ ಕಂಪ್ಯೂಟರಿನಲ್ಲಿ ತೆರೆದರೂ ಓದಲು ಬರುತ್ತದೆ. ನಾವು ನಾಳೆ ಬಾಗಿಲು ಹಾಕಿದರೂ ಅಷ್ಟೇ. ರಿಲೇ ನಿಂತರೆ ಹೊರಗಿನ ದಾರಿ ಮಾತ್ರ ನಿಲ್ಲುತ್ತದೆ, ಮನೆಯೊಳಗಿನ ಓದು ಬರಹಕ್ಕೆ ಅಡ್ಡಿಯಿಲ್ಲ. ಸ್ವಂತ ರಿಲೇ ನಡೆಸುವ ಮನಸ್ಸುಳ್ಳವರಿಗಾಗಿ ನಮ್ಮ ಸರ್ವರಿನ ಹೊಂದಿಕೆಯನ್ನೆಲ್ಲ ಕನ್ನಡದ ಕೈಪಿಡಿಯೊಡನೆ ಮುಕ್ತವಾಗಿ ಇಟ್ಟಿದ್ದೇವೆ. ನಾಲ್ಕಾರು ಮನೆಯವರು ಸೇರಿ ಒಂದನ್ನು ನಡೆಸಿದರೆ ನಮಗಿಂತ ಅಗ್ಗವಾದೀತು, ಅದಕ್ಕೆ ನಾವೇ ಬಂದು ನೆರವಾಗುತ್ತೇವೆ.

ಸರ್ಕಾರಿ ಶಾಲೆಗಳ ಮತ್ತು ಹಳ್ಳಿಯ ಗ್ರಂಥಾಲಯಗಳ ವಿಕಿಗೆ ರಿಲೇ ಮೊದಲಿನಂತೆಯೇ ಉಚಿತ. ಒಟ್ಟಿಗೆ ಕಟ್ಟಲಾಗದವರು ಅಡಿಕೆ ಮಾರಿದ ಮೇಲೆ ಕೊಡಬಹುದು. ಕಟ್ಟಲು ಕಷ್ಟವೆಂದು ಯಾರಾದರೂ ಒಂದು ಮಾತು ತಿಳಿಸಿದರೆ ಅವರ ಸಂಪರ್ಕವನ್ನು ನಾವು ಕಡಿಯುವುದಿಲ್ಲ, ಕಾರಣವನ್ನೂ ಕೇಳುವುದಿಲ್ಲ. ರಿಲೇ ಬೇಡವೆನ್ನುವವರು ಸೆಪ್ಟೆಂಬರ್ 20ರೊಳಗೆ ತಿಳಿಸಿದರೆ, ಪೆಟ್ಟಿಗೆಯ ಪೂರ್ಣ ನಕಲನ್ನು ತೆಗೆದುಕೊಟ್ಟು, ಮನೆಯೊಳಗೆ ಎಲ್ಲವೂ ಸರಿಯಾಗಿ ತೆರೆದುಕೊಳ್ಳುತ್ತಿದೆ ಎಂದು ತಮ್ಮೆದುರೇ ಖಚಿತಪಡಿಸಿಕೊಂಡ ನಂತರವಷ್ಟೇ ಸುರಂಗವನ್ನು ಮುಚ್ಚುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಬಳಗದ ಎಲ್ಲರ ಪರವಾಗಿ