ಸ್ಲೈಡಿನಲ್ಲಿ ಕಾಣದೇ ಇರುವುದರ ಬಗ್ಗೆ ಬರಿ

ಪ್ರೀತಿಯ ತಂಗಿ,

ಮಲೇರಿಯಾ ಬಗ್ಗೆ ನೀನು ಕಳಿಸಿದ ಲೇಖನ ಓದಿದೆ. ವಿಷಯ ಚೆನ್ನಾಗಿ ಓದಿಕೊಂಡಿದ್ದೀಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೊದಲ ಪುಟದಲ್ಲೇ ಶತ್ರು, ದಾಳಿ, ಕೋಟೆ, ಸೈನಿಕರು ಅಂತ ಯುದ್ಧವೇ ಶುರುವಾಗಿಬಿಟ್ಟಿದೆ. ಅದನ್ನೆಲ್ಲ ತೆಗೆದುಹಾಕು. ರೋಗಾಣು ಕೆಂಪು ರಕ್ತಕಣದ ಪೊರೆಯನ್ನು ಬದಲಾಯಿಸುವ ರೀತಿಯೇ ಎಷ್ಟು ಸೋಜಿಗದ್ದು ಅಂದರೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದರೆ ಸಾಕು.

ಎಲ್ಲಿಂದ ಶುರು ಮಾಡಲಿ ಅಂತ ನೀನು ಕೇಳಿದ್ದೆ. ಲ್ಯಾಬಿನ ಸ್ಲೈಡಿನಿಂದ, ಅಂದರೆ ರಕ್ತದ ಹನಿ ಸವರಿ ಮೈಕ್ರೋಸ್ಕೋಪಿನಲ್ಲಿ ನೋಡುವ ಗಾಜಿನ ಪಟ್ಟಿಯಿಂದ ಶುರು ಮಾಡು. ಮಂಗಳೂರಿನ ಲ್ಯಾಬುಗಳಲ್ಲಿ ವರ್ಷಗಟ್ಟಲೆ ಮಲೇರಿಯಾ ಸ್ಲೈಡು ನೋಡಿದವರನ್ನು ಕೇಳು, ಹೇಳುತ್ತಾರೆ. ಮಲೇರಿಯಾ ರೋಗಾಣುಗಳಲ್ಲಿ ವೈವಾಕ್ಸ್, ಫಾಲ್ಸಿಪಾರಂ ಅಂತ ಬೇರೆ ಬೇರೆ ಜಾತಿಗಳಿವೆ. ವೈವಾಕ್ಸ್ ಆದರೆ ರೋಗಾಣುವಿನ ಎಲ್ಲ ಹಂತಗಳೂ ಸಿಗುತ್ತವೆ: ಎಳೆಯದು, ಬೆಳೆದದ್ದು, ಇನ್ನೇನು ಒಡೆಯುವಂಥದ್ದು. ಫಾಲ್ಸಿಪಾರಂ ಆದರೆ ಬಹುಪಾಲು ಸಣ್ಣ ಸಣ್ಣ ಉಂಗುರಗಳೇ, ಅಂದರೆ ಎಳೆಯವೇ. ಒಂದು ಉಂಗುರ ಬೆಳೆದು, ಹತ್ತಾರು ಮರಿಗಳಾಗಿ, ಕಣವನ್ನು ಒಡೆದು ಹೊರಬರಲು ಸುಮಾರು 48 ಗಂಟೆ ಬೇಕು. ಹಾಗಾದರೆ ಬೆಳೆದವೆಲ್ಲ ಎಲ್ಲಿ ಹೋದವು? ನಿನ್ನ ಲೇಖನದ ಪ್ರಶ್ನೆ ಇದೇ ಆಗಲಿ. ಉಳಿದ ಸಂಗತಿಗಳೆಲ್ಲ ಇದಕ್ಕೆ ಉತ್ತರವಾಗಿ ಬರಲಿ. ಹಾಗೆ ಬಾರದ್ದನ್ನು, ಎಷ್ಟೇ ಕಷ್ಟಪಟ್ಟು ಹುಡುಕಿದ್ದರೂ, ಬಿಟ್ಟುಬಿಡು.

ಮೊದಲು ಗುಲ್ಮದ, ಅಂದರೆ ರಕ್ತವನ್ನು ಸೋಸುವ ಅಂಗವಾದ ಸ್ಪ್ಲೀನಿನ ವಿಷಯ ಹೇಳಬೇಕು, ನೀನು ಅದನ್ನು ಕೊನೆಗೆ ತಳ್ಳಿದ್ದೀಯ. ಆರೋಗ್ಯವಂತ ರಕ್ತಕಣ ಮೆದುವಾಗಿರುತ್ತದೆ, ತನಗಿಂತ ಕಿರಿದಾದ ಸಂದಿಯಲ್ಲೂ ನುಸುಳಿಕೊಂಡು ಹೋಗುತ್ತದೆ. ಗುಲ್ಮದ ಸಂದಿಗಳು ತುಂಬಾ ಕಿರಿದು. ಬಿಗಿಯಾದ ಕಣ ಅಲ್ಲಿ ಸಿಕ್ಕಿಬಿದ್ದು ನಾಶವಾಗುತ್ತದೆ. ಫಾಲ್ಸಿಪಾರಂ ಒಳಗೆ ಬೆಳೆಯುತ್ತಿದ್ದ ಹಾಗೆ ಕಣ ಬಿಗಿಯಾಗುತ್ತಾ ಹೋಗುತ್ತದೆ, ಅಲ್ವಾ? ಗುಲ್ಮದವರೆಗೆ ಹೋದರೆ ಅದರ ಕಥೆ ಮುಗಿಯಿತು. ಹೋಗದೇ ಇರಬೇಕಾದರೆ ದಾರಿಯಲ್ಲೇ ಎಲ್ಲಾದರೂ ಅಂಟಿಕೊಳ್ಳಬೇಕು.

ಇಲ್ಲಿ ನಿಧಾನ ಮಾಡು. ನೀನು ಎರಡು ವಾಕ್ಯದಲ್ಲಿ ಮುಗಿಸಿದ್ದೀಯ, ಎರಡು ಪುಟ ಬರಿ. ಕೆಂಪು ರಕ್ತಕಣದಲ್ಲಿ ನ್ಯೂಕ್ಲಿಯಸ್ ಇಲ್ಲ, ಹೊಸ ಪ್ರೋಟೀನು ಮಾಡಿ ಪೊರೆಗೆ ಸಾಗಿಸುವ ಏರ್ಪಾಡೂ ಇಲ್ಲ. ಹಾಗಾಗಿ ಸಾಗಣೆಯ ವ್ಯವಸ್ಥೆಯನ್ನೂ ರೋಗಾಣುವೇ ಕಟ್ಟಿಕೊಳ್ಳಬೇಕು. ಕಣದೊಳಗೆ ತಾನು ಕೂತಿರುವ ಚೀಲದ ಪೊರೆಯಲ್ಲಿ ಒಂದು ಬಾಗಿಲು ಮಾಡಿ ನೂರಾರು ಬಗೆಯ ಪ್ರೋಟೀನುಗಳನ್ನು ಆಚೆ ಕಳಿಸುತ್ತದೆ. ಕಣದೊಳಗೆ ಮೌರರ್ ಕ್ಲೆಫ್ಟ್ ಅನ್ನುವ ಚಪ್ಪಟೆ ಚೀಲಗಳು ಹುಟ್ಟಿಕೊಳ್ಳುತ್ತವೆ, ಪೊರೆಗೆ ಹೋಗುವ ಮುಖ್ಯ ಪ್ರೋಟೀನುಗಳು ಅವುಗಳ ಮೂಲಕವೇ ಹೋಗುವುದು. ಆಮೇಲೆ ನುಣ್ಣಗಿದ್ದ ಪೊರೆಯ ಮೇಲೆ, ಹಲಸಿನ ಹಣ್ಣಿನ ಸಿಪ್ಪೆಯ ಹಾಗೆ, ಪುಟ್ಟ ಪುಟ್ಟ ಉಬ್ಬುಗಳು ಏಳುತ್ತವೆ. ಅವುಗಳ ತುದಿಯಲ್ಲಿ ಇರುವುದು ಪಿಎಫ್‌ಇಎಂಪಿ1 ಅನ್ನುವ ರೋಗಾಣುವಿನ ಪ್ರೋಟೀನು. ರಕ್ತನಾಳದ ಒಳಗೋಡೆಗೆ ಅಂಟುವುದು ಅದೇ. ಅದರ ಬೇರೆ ಬೇರೆ ರೂಪಗಳಿಗೆ ಸುಮಾರು 60 ಜೀನುಗಳಿವೆ, ಒಂದು ರೋಗಾಣು ಒಂದು ಸಲಕ್ಕೆ ಸಾಮಾನ್ಯವಾಗಿ ಒಂದನ್ನೇ ಬಳಸುತ್ತದೆ. ನಮ್ಮ ದೇಹ ಆ ಒಂದನ್ನು ಗುರುತು ಹಿಡಿಯುವಷ್ಟರಲ್ಲಿ ಇನ್ನೊಂದನ್ನು ತೋರಿಸುವ ರೋಗಾಣುಗಳು ಹೆಚ್ಚಿಕೊಂಡಿರುತ್ತವೆ. ಇದನ್ನು ಬರೆಯುವಾಗ ರೋಗಾಣು ಯೋಚಿಸಿತು, ಉಪಾಯ ಹೂಡಿತು ಅಂತ ಬರೆಯಬೇಡ. ಅದು ಸುಮ್ನೆ ಓದುಗರನ್ನು ದಾರಿ ತಪ್ಪಿಸುತ್ತದೆ.

ಪೊರೆಯಲ್ಲಿ ಪೋಷಕಾಂಶಗಳಿಗೆ ಹೊಸ ದಾರಿ ತೆರೆಯುವುದು, ನಮ್ಮ ಹೀಮೋಗ್ಲೋಬಿನ್‌ನಲ್ಲಿ ಇಲ್ಲದ ಐಸೊಲ್ಯೂಸಿನ್ ಅನ್ನುವ ಅಮೈನೊ ಆಮ್ಲ ರೋಗಾಣುವಿಗೆ ಹೊರಗಿನಿಂದ ಬರಬೇಕಾಗಿರುವುದು, ಇವೆಲ್ಲ ಚಂದದ ವಿಷಯಗಳೇ. ಇನ್ನೊಂದು ಲೇಖನಕ್ಕೆ ಇಟ್ಟುಕೋ.

ಆ ಜಾಗವನ್ನು ರೋಗಿಗೆ ಕೊಡು. ಅಂಟಿಕೊಂಡ ಕಣಗಳು ಮಿದುಳಿನ ಸಣ್ಣ ರಕ್ತನಾಳಗಳಲ್ಲಿ ಸೇರಿಕೊಂಡರೆ ರಕ್ತದ ಹರಿವಿಗೇ ಅಡ್ಡಿಯಾಗುತ್ತದೆ, ರೋಗಿ ಪ್ರಜ್ಞೆ ತಪ್ಪಬಹುದು. ಗರ್ಭಿಣಿಯಾದರೆ ಮಾಸುವಿನಲ್ಲಿ ಸೇರಿಕೊಳ್ಳುತ್ತವೆ, ಮಗುವಿನ ತೂಕ ಕಡಿಮೆಯಾಗಬಹುದು. ಬೆರಳು ಚುಚ್ಚಿ ತೆಗೆದ ಹನಿಯಲ್ಲಿ ಇವು ಯಾವುವೂ ಲೆಕ್ಕಕ್ಕೆ ಸಿಗುವುದಿಲ್ಲ. ಸ್ಲೈಡಿನಲ್ಲಿ ಕೆಲವೇ ಉಂಗುರಗಳು ಕಂಡರೂ ರೋಗಿಯ ಸ್ಥಿತಿ ಗಂಭೀರವಾಗಿರಬಹುದು ಅನ್ನುವುದು ಇದಕ್ಕೇ. ನಿನ್ನ ಲೇಖನದಲ್ಲಿ ಈ ಮಾತೇ ಇಲ್ಲ, ನನಗೆ ಜಾಸ್ತಿ ಬೇಜಾರಾದದ್ದು ಅದಕ್ಕೆ.

ಒಂದು ತಿದ್ದುಪಡಿ. ಮಲೇರಿಯಾ ಬಂದರೆ ರಕ್ತಕಣ ಬಿಗಿಯಾಗುತ್ತದೆ ಅಂತ ಒಟ್ಟಾಗಿ ಬರೆದಿದ್ದೀಯ. ವೈವಾಕ್ಸ್‌ನಲ್ಲಿ ಹಾಗಾಗುವುದಿಲ್ಲ, ಕಣ ಉಬ್ಬಿ ಇನ್ನಷ್ಟು ಮೆದುವಾಗುತ್ತದೆ. ಬೆಳೆದ ಹಂತಗಳೂ ಸ್ಲೈಡಿನಲ್ಲಿ ಸಿಗುವ ವಿಷಯವನ್ನು ಇದರ ಪಕ್ಕದಲ್ಲೇ ಬರಿ. ತಿದ್ದಿದ ಮೇಲೆ ಕಳಿಸು, ಮತ್ತೆ ಓದುತ್ತೇನೆ.

ಪ್ರೀತಿಯಿಂದ,
ನಿನ್ನ ಅಕ್ಕ