ಗೆಳೆಯನಿಗೊಂದು ಪತ್ರ: ಒಂದು ಕಣ್ಣಿಗೆ ಎಷ್ಟು ಕಸ?

ಪ್ರೀತಿಯ ದೋಸ್ತ,

ಅವ್ವನ ಎರಡನೇ ಕಣ್ಣಿನ ಆಪರೇಷನ್ ಆಗಿ ತಿಂಗಳಾಯಿತು. ಇವತ್ತು ಬೆಳಿಗ್ಗೆ ಮೊರದ ತುಂಬ ಅಕ್ಕಿ ಹರಡಿಕೊಂಡು ಪಡಸಾಲೆಯಲ್ಲಿ ಕೂತಿದ್ದಳು, ಮೂಗಿನ ಮೇಲೆ ಓದುವ ಹೊಸ ಕನ್ನಡಕ. ಎಳ್ಳಿನಷ್ಟು ಸಣ್ಣ ಕಲ್ಲೊಂದನ್ನು ಉಗುರಲ್ಲಿ ಎತ್ತಿ ಹಿಡಿದು, "ನೋಡಿಲ್ಲಿ, ಇಷ್ಟು ವರ್ಷ ಇದನ್ನೆಲ್ಲ ನಿಮಗೆ ತಿನ್ನಿಸೀನಿ" ಅಂದಳು. ನನಗೆ ಗಂಟಲು ಕಟ್ಟಿತು. ಪೊರೆ ಬಂದಿದೆ ಅಂತ ಕಣ್ಣಿನ ಡಾಕ್ಟರಾದ ನೀನೇ ಹೇಳಿದ ಮೇಲೂ ಎರಡು ವರ್ಷ ತಳ್ಳಿದ್ದು ನಾನೇ ತಾನೆ.

ಆದರೆ ಈ ಪತ್ರ ಬರೆಯೋಕೆ ಕೂತದ್ದು ಬೇರೆ ಮಾತಿಗೆ. ಆಪರೇಷನ್ ದಿನ ಪಾಪೆ ಹಿಗ್ಗಲಿ ಅಂತ ಅವ್ವನ ಕಣ್ಣಿಗೆ ಸಿಸ್ಟರ್ ಹತ್ತು ಹತ್ತು ನಿಮಿಷಕ್ಕೆ ಔಷಧಿ ಹಾಕುತ್ತಿದ್ದರು. ಹೊಸ ಬಾಟಲಿ, ನನ್ನ ಎದುರಿಗೇ ಮುಚ್ಚಳ ತಿರುಗಿಸಿ ತೆಗೆದದ್ದು. ಒಟ್ಟು ಏಳೋ ಎಂಟೋ ಹನಿ ಬಿದ್ದಿರಬೇಕು. ಅವ್ವನನ್ನು ಒಳಗೆ ಕರೆದುಕೊಂಡು ಹೋದ ಮೇಲೆ, ಮುಕ್ಕಾಲಿಗಿಂತ ಹೆಚ್ಚು ತುಂಬಿದ್ದ ಆ ಬಾಟಲಿ ಬುಟ್ಟಿಗೆ ಬಿತ್ತು. ಪಕ್ಕದ ಬೆಂಚಿನಲ್ಲಿದ್ದ ಅಜ್ಜನಿಗೆ ಅದೇ ಔಷಧಿಯ ಇನ್ನೊಂದು ಹೊಸ ಬಾಟಲಿ ತೆರೆದರು. ಮಧ್ಯಾಹ್ನದ ಹೊತ್ತಿಗೆ ಥಿಯೇಟರಿನ ಬಾಗಿಲಿನಿಂದ ಹಳದಿ, ಕೆಂಪು ಚೀಲಗಳು ಒಂದರ ಹಿಂದೊಂದು ಹೊರಗೆ ಬಂದವು. ನಾನು ಅವುಗಳನ್ನೇ ಎಣಿಸುತ್ತ ಕೂತೆ. ಸಿಸ್ಟರ್ ತಪ್ಪು ಮಾಡಲಿಲ್ಲ, ನಿಯಮ ಇದ್ದಂತೆ ಮಾಡಿದರು. ನನ್ನನ್ನು ಕಾಡುತ್ತಿರುವುದು ಆ ನಿಯಮ.

ಹೋದ ವರ್ಷ ನನ್ನ ಸಂಶೋಧನೆಯ ಪ್ರಸ್ತಾವ ವಾಪಸ್ ಬಂದದ್ದು ನಿನಗೆ ಗೊತ್ತು. "ಆಪರೇಷನ್ ಥಿಯೇಟರಿನ ಕಸ ಯಾರ ನಿರ್ಧಾರ?" ಎಂಬುದು ನನ್ನ ಪ್ರಶ್ನೆ. ವೈದ್ಯಕೀಯದವರು ಇದು ಮ್ಯಾನೇಜ್‌ಮೆಂಟ್ ಅಂದರು. ಮ್ಯಾನೇಜ್‌ಮೆಂಟಿನವರು ಪರಿಸರ ವಿಜ್ಞಾನದ ಕಡೆ ಕೈ ತೋರಿಸಿದರು. ಪರಿಸರದವರು, ರೋಗಿಯ ಸುರಕ್ಷತೆಯ ವಿಷಯ, ಡಾಕ್ಟರುಗಳೇ ನೋಡಿಕೊಳ್ಳಲಿ ಅಂದರು. ಮೂರೂ ಕಡೆ ಮರ್ಯಾದೆಯಿಂದಲೇ ಮಾತಾಡಿಸಿದರು, ಆದರೆ ಒಳಗೆ ಬಾ ಅಂತ ಒಬ್ಬರೂ ಕರೆಯಲಿಲ್ಲ. ಆಗ ನೊಂದುಕೊಂಡು ಫೈಲು ಅಟ್ಟಕ್ಕೆ ಹಾಕಿದ್ದೆ. ಬುಟ್ಟಿಗೆ ಬಿದ್ದ ಆ ಬಾಟಲಿ ಅದನ್ನು ಮತ್ತೆ ಕೆಳಗೆ ಇಳಿಸಿತು.

ಈ ಮೂರೂ ದಾರಿ ಒಂದು ಕಡೆ ಕೂಡಿದ ಜಾಗ ನಮಗೆ ದೂರವೇನಿಲ್ಲ, ಮದುರೈಯಲ್ಲೇ ಇದೆ. ಅರವಿಂದ್ ಕಣ್ಣಾಸ್ಪತ್ರೆಯ ಹೆಸರು ನಿನಗೆ ನಾನು ಹೇಳಬೇಕಾಗಿಲ್ಲ. ಡಾ. ಗೋವಿಂದಪ್ಪ ವೆಂಕಟಸ್ವಾಮಿ ಸರ್ಕಾರಿ ಕೆಲಸದಿಂದ ನಿವೃತ್ತರಾದ ಮೇಲೆ, 58ನೇ ವಯಸ್ಸಿನಲ್ಲಿ, 1976ರಲ್ಲಿ 11 ಹಾಸಿಗೆ ಇಟ್ಟುಕೊಂಡು ಶುರು ಮಾಡಿದ ಆಸ್ಪತ್ರೆ ಅದು. ಹರೆಯದಲ್ಲೇ ಸಂಧಿವಾತ ಬಂದು ಬೆರಳುಗಳು ಸೊಟ್ಟಗಾಗಿದ್ದವು. ಆ ಬೆರಳುಗಳಿಗೆ ಚಾಕು ಹಿಡಿಯುವುದನ್ನು ಹೊಸದಾಗಿ ಕಲಿಸಿಕೊಂಡು ಲಕ್ಷಕ್ಕೂ ಹೆಚ್ಚು ಆಪರೇಷನ್ ಮಾಡಿದರು.

ಮ್ಯಾನೇಜ್‌ಮೆಂಟಿನವರು ಅಲ್ಲಿಗೆ ಮೊದಲು ಹೋದದ್ದು ಆಪರೇಷನ್ ನಡೆಯುವ ವೇಗ ನೋಡಲು. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನ ವಿ. ಕಸ್ತೂರಿ ರಂಗನ್ 1993ರಲ್ಲಿ ಅರವಿಂದ್ ಬಗ್ಗೆ ಬರೆದ ಕೇಸ್ ಸ್ಟಡಿಯನ್ನು ಮ್ಯಾನೇಜ್‌ಮೆಂಟ್ ಓದುವವರು ಇವತ್ತಿಗೂ ಓದುತ್ತಾರೆ. ಸರ್ಜನ್ ಕೂರುವ ಜಾಗದ ಎರಡೂ ಬದಿಗೆ ಎರಡು ಟೇಬಲ್. ಒಂದು ಕಣ್ಣು ಮುಗಿಯುವಷ್ಟರಲ್ಲಿ ಪಕ್ಕದ ಟೇಬಲ್ ಮೇಲಿನ ರೋಗಿ ಸಿದ್ಧ. ಡಾಕ್ಟರು ಮೈಕ್ರೋಸ್ಕೋಪನ್ನು ಆ ಕಡೆ ತಿರುಗಿಸಿದರೆ ಸಾಕು. ಉಳಿದ ಕೆಲಸವೆಲ್ಲ ತರಬೇತಿ ಪಡೆದ ಹುಡುಗಿಯರದು, ಹೆಚ್ಚಿನವರು ಹಳ್ಳಿಗಳಿಂದ ಬಂದವರು. ಹೀಗಾಗಿ ಅಲ್ಲಿನ ಒಬ್ಬ ಸರ್ಜನ್ ವರ್ಷಕ್ಕೆ 2,000 ಆಸುಪಾಸು ಆಪರೇಷನ್ ಮಾಡುವಂತಾಯಿತು. ಕಣ್ಣೊಳಗೆ ಕೂರಿಸುವ, ನೂರು ಡಾಲರ್ ಆಸುಪಾಸಿನ ಆಮದು ಲೆನ್ಸು ಬಡವರ ಕೈಗೆ ಎಟುಕದಿದ್ದಾಗ, 1992ರಲ್ಲಿ ಅರೋಲ್ಯಾಬ್ ಕಟ್ಟಿ ತಾವೇ ಲೆನ್ಸು ಮಾಡತೊಡಗಿದರು. ಇದೆಲ್ಲ ಖರ್ಚಿನ, ಕೆಲಸದ ಹಂಚಿಕೆಯ ಕಥೆಯಾಗಿಯೇ ಇಪ್ಪತ್ತು ವರ್ಷ ಓಡಿತು. ಕಸದ ಬುಟ್ಟಿ ಯಾರ ಕಣ್ಣಿಗೂ ಬೀಳಲಿಲ್ಲ.

ಅದನ್ನು ನೋಡಿದ್ದು ಕಸಾಂಡ್ರಾ ಥೀಲ್. ಓದಿನಿಂದ ಎಂಜಿನಿಯರ್, ಅಮೆರಿಕದವರು. ಒಂದು ವಸ್ತು ತಯಾರಾದಲ್ಲಿಂದ ಸುಟ್ಟು ಬೂದಿಯಾಗುವ ತನಕ ಅದರ ಲೆಕ್ಕ ಹಿಡಿಯುವ ವಿಧಾನ ಅವರದು. ಅರವಿಂದ್‌ನ ಎರಡು ಆಸ್ಪತ್ರೆಗಳಲ್ಲಿ ಅವರೂ ಅಲ್ಲಿನ ವೈದ್ಯರೂ ಸೇರಿ ಲೆಕ್ಕ ಮಾಡಿದರು. ಅದು ಪ್ರಕಟವಾದದ್ದು 2017ರಲ್ಲಿ. ಒಂದು ಫೇಕೋ (ಅಲ್ಟ್ರಾಸೌಂಡಿನಿಂದ ಪೊರೆ ಒಡೆದು ತೆಗೆಯುವ) ಆಪರೇಷನ್ನಿಗೆ ಸುಮಾರು 250 ಗ್ರಾಂ ಕಸ. ಕಾಲು ಕಿಲೋ ದೋಸ್ತ, ಒಂದು ಪೊಟ್ಟಣ ಕಾಫಿಪುಡಿಯ ತೂಕ! ಹೊರಬಿದ್ದ ಇಂಗಾಲ (ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಹಸಿರುಮನೆ ಅನಿಲ) 6 ಕಿಲೋ ಹತ್ತಿರ. ಬ್ರಿಟನ್ನಿನಲ್ಲಿ ಇದೇ ಆಪರೇಷನ್ನಿಗೆ ಆಗುವುದರ ಸುಮಾರು 5% ಮಾತ್ರ. ಅದಕ್ಕೂ ಮೊದಲು ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ಲೆಕ್ಕ ಮಾಡಿದವರಿಗೆ, ಅಲ್ಲಿನ ಇಂಗಾಲದಲ್ಲಿ ಅರ್ಧಕ್ಕಿಂತ ಹೆಚ್ಚು ಬರುವುದು ಕೊಂಡು ತರುವ ಸಾಮಾನಿನಿಂದ ಎಂದು ಗೊತ್ತಾಗಿತ್ತು. ಒಮ್ಮೆ ಬಳಸಿ ಎಸೆಯುವ ಹೊದಿಕೆ, ಗೌನು, ಪ್ಲಾಸ್ಟಿಕ್ ಪೊಟ್ಟಣ ನೆನಪಿಸಿಕೋ. ಅರವಿಂದ್‌ನಲ್ಲಿ ಹೆಚ್ಚಿನದೆಲ್ಲ ಒಗೆದು, ಆವಿಯಲ್ಲಿ ಕ್ರಿಮಿ ಕೊಂದು, ಮತ್ತೆ ಬಳಸುವಂಥದ್ದು. ಒಂದೇ ಡ್ರಾಪ್ಸ್ ಬಾಟಲಿ ಹಲವರ ಕಣ್ಣಿಗೆ. ಅವರ ಇಂಗಾಲದ ದೊಡ್ಡ ಪಾಲು ಬರುವುದು ಉಪಕರಣಗಳನ್ನು ಸ್ಟೆರಿಲೈಜ್ ಮಾಡುವ ಕಡೆಯಿಂದ. ಅಂದರೆ ಅವರು ಇನ್ನೂ ಇಳಿಸಬೇಕೆಂದರೆ ಕೈ ಹಾಕಬೇಕಾದದ್ದು ಆವಿಯಲ್ಲಿ ಕ್ರಿಮಿ ಕೊಲ್ಲುವ ಯಂತ್ರದ, ಅಂದರೆ ಆಟೋಕ್ಲೇವಿನ, ವಿದ್ಯುತ್ತಿಗೆ. ತೂಗಿ ನೋಡದೆ ಇದು ಯಾರಿಗೆ ತಿಳಿಯುತ್ತಿತ್ತು ಹೇಳು.

ಇಲ್ಲಿಗೆ ಬಂದಾಗ ನೀನು ಕೇಳುವುದು ನನಗೆ ಗೊತ್ತು: "ಸೋಂಕು?" ನಾನೂ ಮೊದಲು ಹುಡುಕಿದ್ದು ಅದನ್ನೇ. ಒಂದು ಕಣ್ಣು ಹೋದರೂ ಈ ಲೆಕ್ಕಕ್ಕೆ ಬೆಲೆ ಇಲ್ಲ. ಇದಕ್ಕೆ ಉತ್ತರ ಕೊಟ್ಟವರು ನಿನ್ನ ಕಡೆಯವರು. ಅರವಿಂದ್‌ನ ಡಾ. ಹರಿಪ್ರಿಯಾ ಮತ್ತು ಸಂಗಡಿಗರು 6 ಲಕ್ಷ ಆಪರೇಷನ್‌ಗಳ ದಾಖಲೆ ತೆಗೆದು ನೋಡಿದರು. ಕಣ್ಣಿನ ಒಳಗಿನ ಸೋಂಕು ಮೊದಲು 0.07% ಇತ್ತು. ಆಪರೇಷನ್ ಕೊನೆಯಲ್ಲಿ ಕಣ್ಣೊಳಗೇ ಮಾಕ್ಸಿಫ್ಲಾಕ್ಸಸಿನ್ ಎಂಬ ಆಂಟಿಬಯಾಟಿಕ್ ಹಾಕತೊಡಗಿದ ಮೇಲೆ 0.02%ಗೆ ಇಳಿಯಿತು. ಅಂದರೆ 10,000 ಕಣ್ಣಿಗೆ ಎರಡು. ಕಣ್ಣು ಉಳಿಸಿದ್ದು ಆ ಔಷಧಿ, ಹೊಸ ಗೌನಲ್ಲ. ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಇಲ್ಲೇ. ಥೀಲ್ ಅವರ ತೂಕದ ಲೆಕ್ಕ ಒಂದೇ ಇದ್ದಿದ್ದರೆ ಯಾವ ಸರ್ಜನ್ನೂ ಒಪ್ಪುತ್ತಿರಲಿಲ್ಲ. ಸೋಂಕಿನ ಲೆಕ್ಕ ಒಂದೇ ಇದ್ದಿದ್ದರೆ ಕಸದ ಮಾತೇ ಬರುತ್ತಿರಲಿಲ್ಲ. ಎರಡೂ ಇದ್ದು, ಕೆಲಸ ಹೇಗೆ ಹಂಚಿಕೊಂಡಿದ್ದಾರೆ ಅನ್ನುವುದು ತಿಳಿಯದಿದ್ದರೆ, ನಮ್ಮ ಜಿಲ್ಲಾಸ್ಪತ್ರೆಯಲ್ಲಿ ಅದನ್ನು ಮಾಡಿ ತೋರಿಸಲು ಆಗುವುದಿಲ್ಲ.

ಅಮೆರಿಕದ ಕಡೆಯೂ ನೋಡು. 2019ರಲ್ಲಿ ಅಲ್ಲಿನ ನಾಲ್ಕು ಕಡೆ ಪೊರೆ ಆಪರೇಷನ್ನಿಗೆ ಬಳಸುವ ಔಷಧಿ ಅಳೆದಾಗ, ತೆರೆದದ್ದರಲ್ಲಿ ಸುಮಾರು 45% ಬಳಕೆಯಾಗದೆ ಉಳಿದಿತ್ತು. ಅವ್ವನ ಬಾಟಲಿ ಒಂಟಿ ಅಲ್ಲ. ನಮ್ಮ ದೇಶದಲ್ಲಿ ವರ್ಷಕ್ಕೆ 60 ಲಕ್ಷಕ್ಕೂ ಹೆಚ್ಚು ಪೊರೆ ಆಪರೇಷನ್ ಆಗುತ್ತವೆ. ರಾತ್ರಿ ಕೂತು ಕೂಡಿಸಿದೆ: ಎಲ್ಲರೂ ಕಾಲು ಕಿಲೋದಲ್ಲಿ ಮುಗಿಸಿದರೆ 1,500 ಟನ್, ಒಂದೊಂದಕ್ಕೂ ಒಂದು ಕಿಲೋ ಆದರೆ 6,000 ಟನ್. ನಮ್ಮ ಕಡೆ ನಿಜವಾಗಿ ಎಷ್ಟಾಗುತ್ತಿದೆ ಎಂದು ತೂಗಬೇಕು. ನನಗೆ ಬೇಕಾದದ್ದು ಅಷ್ಟೆ.

ನಮ್ಮ ಅಜ್ಜಿಯ ಸೋಡಾಬುಡ್ಡಿ ಕನ್ನಡಕ ನಿನಗೆ ನೆನಪಿದೆಯಾ? ಅದನ್ನು ಹಾಕಿಕೊಂಡರೆ ಅಜ್ಜಿಯ ಕಣ್ಣು ಬೆಳವಲ ಹಣ್ಣಿನಷ್ಟು ದೊಡ್ಡದಾಗಿ ಕಾಣುತ್ತಿತ್ತು. ಮೋದಿ ಡಾಕ್ಟರ ಕ್ಯಾಂಪಿನಲ್ಲಿ ಆಪರೇಷನ್ ಆದದ್ದು, ಕಣ್ಣೊಳಗೆ ಲೆನ್ಸು ಕೂರಿಸುವ ಕಾಲ ಅಲ್ಲ ಅದು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿ ಊರೂರಿಗೆ ಹೋಗಿ ಸಾಲಾಗಿ ಟೇಬಲ್ ಹಾಕಿಸಿ ಪೊರೆ ತೆಗೆದವರು. ಒಂದೇ ದಿನ 833 ಆಪರೇಷನ್ ಮಾಡಿದ್ದು ಗಿನ್ನೆಸ್ ದಾಖಲೆ. ಅವರ ಕ್ಯಾಂಪುಗಳಲ್ಲಿ ಕೆಲಸ ಹೇಗೆ ಹಂಚಿಕೆಯಾಗುತ್ತಿತ್ತು, ನೀರು ಯಾರು ಕಾಯಿಸುತ್ತಿದ್ದರು, ಬಟ್ಟೆ ಯಾರು ಕುದಿಸುತ್ತಿದ್ದರು ಅಂತ ಬಲ್ಲವರು ಈಗ ಎಂಬತ್ತರ ಮೇಲಿನವರು. ಅವರನ್ನೂ ಕಂಡು ಮಾತಾಡಿಸಬೇಕು, ತಡ ಮಾಡುವ ಹಾಗಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚಾಗಿ ತಿಳಿಯಬೇಕಿರುವುದು ಸಿಸ್ಟರ್‌ಗಳ ಮಾತು. ಯಾವ ಪೊಟ್ಟಣ ತೆರೆಯಬೇಕು, ಯಾವುದು ಸರ್ಜನ್ ಕೇಳಿದ ಮೇಲೆ ಸಾಕು ಅನ್ನುವುದು ಅವರ ಕೈಗೆ ಗೊತ್ತು. ಅವರನ್ನು ಕೇಳಿದವರು ಯಾರು? ಮುಕ್ಕಾಲಿಗಿಂತ ಹೆಚ್ಚು ಉಳಿದ ಆ ಬಾಟಲಿ ಎಸೆಯುವಾಗ ಅವ್ವನ ಸಿಸ್ಟರ್ ಒಂದು ಕ್ಷಣ ಅದನ್ನು ಬೆಳಕಿಗೆ ಹಿಡಿದು ನೋಡಿದ್ದರು. ಅವರಿಗೂ ಅನ್ನಿಸಿತ್ತು ದೋಸ್ತ, ನಾನು ನೋಡಿದೆ.

ಅದಕ್ಕೇ ಕೇಳುತ್ತಿದ್ದೇನೆ. ನಿನ್ನ ಥಿಯೇಟರಿನಲ್ಲಿ ಒಂದು ವಾರ, ಒಂದೊಂದು ಕೇಸಿನ ಕಸವನ್ನೂ ಬೇರೆ ಚೀಲಕ್ಕೆ ಹಾಕಿಸಿ ತೂಗೋಣ. ಉಳಿದ ಡ್ರಾಪ್ಸ್ ಅಳೆಯೋಣ. ನಿನ್ನ ಹೆಸರು, ನನ್ನ ಹೆಸರು, ಜೊತೆಗೆ ಇಂಗಾಲದ ಲೆಕ್ಕ ಬಲ್ಲ ಒಬ್ಬರು ಸಿಕ್ಕರೆ ಅವರ ಹೆಸರು. ಎಥಿಕ್ಸ್ ಕಮಿಟಿಗೆ ಅರ್ಜಿ ಬರೆದಿಟ್ಟಿದ್ದೇನೆ, ನೀನು ಓದಿ ತಿದ್ದು. ಯಾವ ವಿಭಾಗದ ಕೆಳಗೆ ಸಲ್ಲಿಸಬೇಕು ಅನ್ನುವ ಕಾಲಂ ಖಾಲಿ ಬಿಟ್ಟಿದ್ದೇನೆ, ಅದನ್ನು ಇಬ್ಬರೂ ಕೂತು ತುಂಬೋಣ.

ಗ್ರಾಂ ತೋರಿಸುವ ತಕ್ಕಡಿ ಒಂದನ್ನು ನಿನ್ನೆ ಕೊಂಡುತಂದೆ. ಅವ್ವ ಅದರಲ್ಲಿ ಈಗಾಗಲೇ ಮೆಂತ್ಯ ತೂಗಿ ನೋಡಿದಳು. ನೀನು ಹೂಂ ಅಂದರೆ ಮುಂದಿನ ಸೋಮವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ಥಿಯೇಟರಿನ ಸಿಸ್ಟರ್‌ಗಳಿಗೆ ಮಾತ್ರ ಮೊದಲೇ ಹೇಳಿಡು. ಅವರು ಒಪ್ಪದೆ ನಾನು ಒಳಗೆ ಕಾಲಿಡುವುದಿಲ್ಲ.

ನಿನ್ನ ದೋಸ್ತ